ಕಳಲೆಯ ಮೂರು ದಿನದ ನೀರನ್ನು ಬಿಟ್ಟು ರೆಸಿಪಿ ಹಾಕಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯ ಅಡುಗೆ ಪುಟದಲ್ಲಿ ಮಲೆನಾಡಿನ ಕಳಲೆ (ಬಿದಿರಿನ ಎಳೆ ಮೊಳಕೆ) ಪಲ್ಯದ ರೆಸಿಪಿ ಬಂದಿದೆ. ಎಳೆ ಕಳಲೆಯನ್ನು ತೊಳೆದು ಸಣ್ಣಗೆ ಹೆಚ್ಚಿ, ಒಗ್ಗರಣೆಗೆ ಹಾಕಿ ಹತ್ತು ನಿಮಿಷ ಬಾಡಿಸಿ ಎಂದು ಅದರಲ್ಲಿ ಬರೆದಿದ್ದಾರೆ. ಹೆಚ್ಚಿದ ಕಳಲೆಯನ್ನು ಮೂರು ದಿನ ನೀರಿನಲ್ಲಿ ನೆನೆಹಾಕಬೇಕು, ದಿನಾ ನೀರು ಬದಲಾಯಿಸಬೇಕು, ಆಮೇಲೆ ಒಂದು ಸಲ ಬೇಯಿಸಿ ಆ ನೀರನ್ನೂ ಬಸಿದು ಚೆಲ್ಲಬೇಕು ಎನ್ನುವ ಮಾತು ಎಲ್ಲೂ ಇಲ್ಲ. ಇದು ರುಚಿಯ ಪ್ರಶ್ನೆಯಲ್ಲ. ಹಸಿ ಕಳಲೆಯಲ್ಲಿ ವಿಷ ಇದೆ. ದಯವಿಟ್ಟು ಬರುವ ಭಾನುವಾರವೇ, ಅದೇ ಪುಟದಲ್ಲಿ, ಕಣ್ಣಿಗೆ ಬೀಳುವ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ನನ್ನ ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಉಳಿದದ್ದೆಲ್ಲ ಬಿಟ್ಟು ಇಷ್ಟನ್ನಾದರೂ ಅಚ್ಚು ಹಾಕಿ.

ಬರೆಯಲು ಕಾರಣವಿದೆ. ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ, ಸಣ್ಣ ಕಾಫಿ ತೋಟ. ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಲ್ಲಿದ್ದಾರೆ. ಮೊನ್ನೆ ಶನಿವಾರ ಮಗ ಒಬ್ಬನೇ ಬಂದಿದ್ದವನು ಭಾನುವಾರ ಹೊರಡುವಾಗ ನಮ್ಮ ಬೇಲಿಯ ಬಿದಿರುಮೆಳೆಯಿಂದ ಎರಡು ಕಳಲೆ ಮುರಿದು ಕಾರಿನ ಡಿಕ್ಕಿಗೆ ಹಾಕಿಕೊಂಡ. ನಾನೇ ಚೀಲ ಹುಡುಕಿ ಕೊಟ್ಟೆ. ಸೊಸೆ ಬಿಜಾಪುರದ ಕಡೆಯವಳು, ಅವಳಿಗೆ ಕಳಲೆ ಗೊತ್ತಿಲ್ಲ ಎನ್ನುವುದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲಿಲ್ಲ. ಮಗ ತಿಂದು ಬೆಳೆದವನೇ ಹೊರತು ಮಾಡಿ ಗೊತ್ತಿದ್ದವನಲ್ಲ. ಸೋಮವಾರ ರಾತ್ರಿ ಎಂಟು ಗಂಟೆಗೆ ಸೊಸೆಯ ಫೋನು.

“ಅತ್ತೆ, ಕಳಲೆ ಪಲ್ಯ ಮಾಡೀನಿ. ಪೇಪರ್‌ನಾಗ ಬಂದಿತ್ತಲ್ಲ, ಅದನ್ನ ನೋಡೇ ಮಾಡಿದ್ದು. ಯಾಕೋ ಕಹಿ ಆಗೇದ. ಇನ್ನೊಂದೀಟು ಬೆಲ್ಲ ಹಾಕಿದ್ರ ಸರಿ ಆಗ್ತದೇನ್ರಿ?”

“ಎಷ್ಟು ದಿನ ನೆನೆಹಾಕಿದ್ದೆ?”

“ನೆನೆ ಹಾಕ್ಬೇಕೇನ್ರಿ?”

ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಯಾರೂ ತಿನ್ನಬೇಡಿ, ಮೊದಲು ಮಗುವಿನ ಕೈಗೆ ಸಿಗದ ಹಾಗೆ ಎತ್ತಿಡು, ಆಮೇಲೆ ಪೂರ್ತಿ ಚೆಲ್ಲಿಬಿಡು ಎಂದೆ. ಅವಳು ಉಪ್ಪು ನೋಡಲು ಅರ್ಧ ಚಮಚ ಬಾಯಿಗೆ ಹಾಕಿಕೊಂಡು ಕಹಿಯೆಂದು ಉಗುಳಿದ್ದಳಂತೆ. ದೇವರ ದಯೆ, ಏನೂ ಆಗಲಿಲ್ಲ. ಆದರೆ ಆ ರಾತ್ರಿ ಎರಡು ಗಂಟೆಗೊಮ್ಮೆ ಫೋನು ಮಾಡಿ ಮಗುವನ್ನೂ ಅವಳನ್ನೂ ವಿಚಾರಿಸುತ್ತಾ ನಾನು ಮಲಗಲೇ ಇಲ್ಲ.

ಅವಳು ಬೆಲ್ಲ ಹಾಕುತ್ತೇನೆ ಎಂದಳಲ್ಲ, ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆ ಕಹಿಯೇ ವಿಷದ ಗುರುತು. ಬಿದಿರಿನ ಮೊಳಕೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತು ಇರುತ್ತದೆ. ಕಳಲೆಯನ್ನು ಕೊಯ್ದಾಗ, ಜಜ್ಜಿದಾಗ, ಜಗಿದಾಗ ಅದು ಒಡೆದು ಸಯನೈಡ್ ಹೊರಬರುತ್ತದೆ. ದನಕರು ಬಾಯಿ ಹಾಕದಿರಲಿ ಎಂದು ಗಿಡ ತನ್ನ ಎಳೆ ಕುಡಿಗೆ ಮಾಡಿಕೊಂಡ ಕಾವಲು ಅದು. ಒಳ್ಳೆಯದೆಂದರೆ ಈ ವಿಷ ನೀರಿಗೆ ಬಿಟ್ಟುಕೊಳ್ಳುತ್ತದೆ, ಕುದಿಸಿದರೆ ಹಬೆಯ ಜೊತೆ ಹೋಗುತ್ತದೆ. ತೆಳ್ಳಗೆ ಹೆಚ್ಚುವುದು, ನೆನೆಸುವುದು, ನೀರು ಚೆಲ್ಲುವುದು, ತಟ್ಟೆ ಮುಚ್ಚದೆ ಕುದಿಸುವುದು, ಒಂದೊಂದೂ ಅದನ್ನು ಹೊರಗೆ ಹಾಕುವ ದಾರಿಯೇ. ನಮ್ಮ ಅತ್ತೆಗೆ ಸಯನೈಡ್ ಎಂಬ ಶಬ್ದ ಗೊತ್ತಿರಲಿಲ್ಲ. ಆದರೆ ಈ ನಾಲ್ಕರಲ್ಲಿ ಒಂದನ್ನೂ ಅವರು ಒಂದು ವರ್ಷವೂ ಬಿಟ್ಟವರಲ್ಲ.

ನಿಮ್ಮ ರೆಸಿಪಿ ಬರೆದ ತಾಯಿಗೂ ಇದು ಗೊತ್ತೇ ಇರುತ್ತದೆ ಎಂದು ನನ್ನ ನಂಬಿಕೆ. ನಮ್ಮ ಕಡೆ ಸಂತೆಯಲ್ಲಿ ಬಿಲ್ಲೆ ಮಾಡಿ ನೆನೆಹಾಕಿದ ಕಳಲೆಯನ್ನೂ ಮಾರುತ್ತಾರೆ. ಕಳಲೆ ಎಂದರೆ ನೆನೆದದ್ದೇ ಎಂದುಕೊಂಡು ಅವರು ಬರೆದಿರಬಹುದು. ತೊಂದರೆ ಇರುವುದೇ ಅಲ್ಲಿ. ಗೊತ್ತಿದ್ದವರು ಅದನ್ನು ಬರೆಯುವುದಿಲ್ಲ, ಗೊತ್ತಿಲ್ಲದವರು ನಿಮ್ಮ ಪುಟ ನೋಡಿಕೊಂಡು ಒಲೆ ಹಚ್ಚುತ್ತಾರೆ.

ನಾನೂ ಗೊತ್ತಿಲ್ಲದೆ ಬಂದವಳೇ. ನನ್ನ ತವರು ಚನ್ನರಾಯಪಟ್ಟಣದ ಕಡೆ, ಬಯಲುಸೀಮೆ. ರಾಗಿ ಮುದ್ದೆ, ಅವರೆಕಾಳು ಸಾರು, ಹುರುಳಿ ಕಟ್ಟಿನ ಸಾರಿನಲ್ಲಿ ಬೆಳೆದೆ. 1979ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ಕಳಲೆಯನ್ನು ಕಣ್ಣಿನಲ್ಲೂ ಕಂಡಿರಲಿಲ್ಲ. ಮೊದಲ ಮಳೆಗಾಲ, ಆಷಾಢಕ್ಕೆ ತವರಿಗೆ ಹೋಗಿ ಬಂದಿದ್ದೆ. ಹಿತ್ತಲ ಕೋಣೆಯಲ್ಲಿ ದೊಡ್ಡ ಪಾತ್ರೆಯ ತುಂಬ ಬಿಳಿ ಬಿಲ್ಲೆಗಳು ನೀರಿನಲ್ಲಿ ಮುಳುಗಿದ್ದವು, ಹುಳಿಹುಳಿ ಘಾಟು ಬರುತ್ತಿತ್ತು. ಕೆಟ್ಟುಹೋಗುತ್ತಿದೆ, ಬೇಗ ಬೇಯಿಸಿಬಿಡೋಣ ಎಂದು ಬಸಿದು ಒಲೆಯ ಹತ್ತಿರ ತಂದಿಟ್ಟೆ. ಅತ್ತೆ ಕೊಟ್ಟಿಗೆಯಿಂದ ಬಂದವರು ನೋಡಿ ನನ್ನನ್ನು ಬೈಯಲಿಲ್ಲ. ಪಾತ್ರೆ ಎತ್ತಿಕೊಂಡು ಹೋಗಿ ಮತ್ತೆ ನೀರು ತುಂಬಿಸಿ, “ಇದು ಎರಡನೇ ನೀರು ಕಣವ್ವ. ಮೂರು ನೀರು ಕಾಣದೆ ಕಳಲೆ ಒಲೆ ಹತ್ತಬಾರದು” ಎಂದರು. ಆ ಒಂದು ಮಾತು ನಲವತ್ತು ವರ್ಷದ ಮೇಲಾದರೂ ನನಗೆ ಮರೆತಿಲ್ಲ. ನಿಮ್ಮ ಪುಟದಲ್ಲಿ ಬಿಟ್ಟುಹೋಗಿರುವುದು ಆ ಒಂದು ಮಾತು.

ಹಾಗಾಗಿ ಅವರು ಮಾಡುತ್ತಿದ್ದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ. ಬೇಕಾದರೆ ತಿದ್ದುಪಡಿಯ ಜೊತೆ ಹಾಕಿಕೊಳ್ಳಿ.

ಕಳಲೆ ಮೊಳಕಾಲುದ್ದ ಇರುವಾಗಲೇ ಮುರಿಯಬೇಕು, ಅದಕ್ಕಿಂತ ಬೆಳೆದರೆ ನಾರು. (ಸ್ವಂತ ಜಾಗದ ಬಿದಿರಿನದು ಮಾತ್ರ. ಮೀಸಲು ಅರಣ್ಯದಿಂದ ಕೀಳುವುದು ಅಪರಾಧ, ಆನೆಗೂ ಅದು ಬೇಕು.) ಮೇಲಿನ ಹಾಳೆಗಳ ಮೇಲೆ ಸಣ್ಣ ಕಪ್ಪು ಕೂದಲಿನಂಥ ಮುಳ್ಳಿರುತ್ತವೆ, ಚುಚ್ಚಿಕೊಂಡರೆ ದಿನವಿಡೀ ನವೆ. ಅದಕ್ಕೆ ಕೈಗೆ ಬಟ್ಟೆ ಸುತ್ತಿಕೊಂಡು ಹಾಳೆಗಳನ್ನು ಒಂದೊಂದಾಗಿ ಬಿಡಿಸಬೇಕು. ಒಳಗೆ ಬೆಣ್ಣೆಯ ಬಣ್ಣದ ಎಳೆ ಭಾಗ ಸಿಗುತ್ತದೆ. ಚಾಕು ಸಲೀಸಾಗಿ ಇಳಿಯುವಷ್ಟು ಮಾತ್ರ ಇಟ್ಟುಕೊಂಡು ಬುಡದ ಗಟ್ಟಿ ಭಾಗ ತೆಗೆಯಬೇಕು. ಎಷ್ಟು ತೆಳ್ಳಗೆ ಹೆಚ್ಚಿದರೆ ಅಷ್ಟು ಒಳ್ಳೆಯದು. ಬಿಲ್ಲೆಗಳ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹಾಕಿ ಇಡಬೇಕು. ಮರುದಿನ ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರು. ಮೂರನೆಯ ದಿನವೂ ಹಾಗೇ. ಚೆಲ್ಲಿದ ನೀರನ್ನು ದನದ ಬಾನಿಗೆ ಹಾಕಕೂಡದು, ಇದನ್ನೂ ಅತ್ತೆ ಹೇಳುತ್ತಿದ್ದರು. ನಾಲ್ಕನೆಯ ದಿನ ಚೆನ್ನಾಗಿ ತೊಳೆದು, ಬೇರೆ ನೀರು ಮತ್ತು ಒಂದು ಚಮಚ ಉಪ್ಪು ಹಾಕಿ ಅಗಲ ಬಾಯಿಯ ಪಾತ್ರೆಯಲ್ಲಿ, ಮುಚ್ಚದೆ, ಇಪ್ಪತ್ತೈದು ನಿಮಿಷ ಕುದಿಸಿ ಬಸಿಯಬೇಕು. ಒಂದು ಬಿಲ್ಲೆ ತುದಿನಾಲಿಗೆಗೆ ಮುಟ್ಟಿಸಿದಾಗ ಕಹಿ ಇದ್ದರೆ ಮತ್ತೊಂದು ನೀರಿನಲ್ಲಿ ಕುದಿಸಬೇಕು.

ಇನ್ನು ಪಲ್ಯ ಸುಲಭ. ಹಾಗೆ ಬೇಯಿಸಿದ ಕಳಲೆ ಅರ್ಧ ಕೆ.ಜಿ.ಗೆ ಒಂದು ಹಿಡಿ ಮೊಳಕೆ ಬಂದ ಹೆಸರುಕಾಳು, ಬೇರೆಯಾಗಿ ಬೇಯಿಸಿದ್ದು. ಮಸಾಲೆಗೆ ಅರ್ಧ ಹೋಳು ತೆಂಗಿನಕಾಯಿ, ಆರು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಹುರಿದ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಹತ್ತು ಕಾಳು ಮೆಣಸು, ಚಿಟಿಕೆ ಅರಿಶಿನ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಬೆಳ್ಳುಳ್ಳಿ ಎಂಟು ಎಸಳು ಜಜ್ಜಿ ಸಾಸಿವೆ, ಕರಿಬೇವಿನ ಜೊತೆ ಒಗ್ಗರಣೆಗೆ. ಮಸಾಲೆ ತರಿತರಿಯಾಗಿ ಅರೆದು, ಒಗ್ಗರಣೆಯಲ್ಲಿ ಹಸಿ ವಾಸನೆ ಹೋಗುವ ತನಕ ಬಾಡಿಸಿ, ಕಾಳು ಮತ್ತು ಕಳಲೆ ಸೇರಿಸಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಜೊತೆಗೆ ಕಡುಬು. ಒಂದು ಅಳತೆ ಅಕ್ಕಿತರಿಗೆ ಎರಡು ಅಳತೆ ನೀರು ಕುದಿಸಿ, ಉಪ್ಪು ಹಾಕಿ, ತರಿ ಸುರಿದು ಗಂಟಾಗದಂತೆ ತಿರುವಿ, ಮುಚ್ಚಿ ಹತ್ತು ನಿಮಿಷ ಬಿಟ್ಟು, ಕೈಗೆ ನೀರು ಮುಟ್ಟಿಸಿಕೊಂಡು ಕಿತ್ತಳೆಹಣ್ಣಿನಷ್ಟು ಉಂಡೆ ಕಟ್ಟಿ ಹಬೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸುವುದು. ಜಡಿಮಳೆಯ ದಿನ ಬಿಸಿ ಕಡುಬು ಮುರಿದು ತುಪ್ಪ ಬಿಟ್ಟು ಕಳಲೆ ಪಲ್ಯದ ಜೊತೆ ತಿಂದರೆ ಹೊಟ್ಟೆಯೊಳಗಿನ ಚಳಿ ಬಿಡುತ್ತದೆ.

ಈಗ ಎರಡನೆಯ ವಿಷಯ. ಅದೇ ಪುಟದ ಮೂಲೆಯಲ್ಲಿ ನೀವು ಪ್ರತಿವಾರ ‘ನಿಮಗಿದು ಗೊತ್ತೇ?’ ಎಂಬ ಚೌಕ ಹಾಕುತ್ತೀರಿ. ನಮ್ಮ ಮನೆಯಲ್ಲಿ ಪೇಪರು ಬಂದರೆ ನಾನು ಮೊದಲು ಓದುವುದು ಅದನ್ನೇ, ಮೊಮ್ಮಗಳು ರಜೆಗೆ ಬಂದಾಗ ಅವಳಿಗೆ ಕತ್ತರಿಸಿ ಇಟ್ಟಿರುತ್ತೇನೆ. ಆ ಭಾನುವಾರದ ಚೌಕದಲ್ಲಿ ಬಾಳೆಹಣ್ಣು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರ್ರಿ, ಸ್ಟ್ರಾಬೆರಿ ಬೆರ್ರಿಯೇ ಅಲ್ಲ ಎಂದಿತ್ತು. ನಿಜವಾದ ಮಾತು, ಓದಿ ಖುಷಿಯಾಯಿತು. ಆದರೆ ಪಕ್ಕದಲ್ಲೇ ಕಳಲೆ ಇದ್ದಾಗ ಬಿದಿರಿನ ಬಗ್ಗೆ ಒಂದು ಸಾಲು ಇದ್ದಿದ್ದರೆ ನನ್ನ ಸೊಸೆ ಮೂರು ದಿನ ಕಾಯುತ್ತಿದ್ದಳು. ಈ ಚೌಕವನ್ನು ರೆಸಿಪಿಯಿಂದ ದೂರ ಇಡಬೇಡಿ, ಆ ವಾರದ ಅಡುಗೆಗೇ ಅಂಟಿಸಿ ಎನ್ನುವುದು ನನ್ನ ಕೋರಿಕೆ. ಹೀಗೆ ಮಾಡಿ ಎಂದರೆ ಜನ ಮರೆಯುತ್ತಾರೆ. ಏಕೆ ಎಂದು ತಿಳಿದರೆ ಮರೆಯುವುದಿಲ್ಲ.

ಮತ್ತೆ ಬಿದಿರಿನಲ್ಲಿ ಹೇಳಲು ಕಡಿಮೆ ಇದೆಯೇ? ಅಷ್ಟೆತ್ತರ ಬೆಳೆದರೂ ಬಿದಿರು ಮರವಲ್ಲ, ಹುಲ್ಲು. ಭತ್ತ, ರಾಗಿ, ಕಬ್ಬಿನ ಕುಟುಂಬದ್ದು. ಕೆಲವು ಜಾತಿಯ ಬಿದಿರು ಒಂದೇ ದಿನದಲ್ಲಿ 90 ಸೆಂಟಿಮೀಟರ್‌ವರೆಗೆ ಬೆಳೆಯುತ್ತವೆ. ಸಂಜೆ ನೋಡಿದ ಕಳಲೆ ಬೆಳಿಗ್ಗೆ ತಿನ್ನಲು ಬಾರದಷ್ಟು ಬಲಿತಿರುವುದನ್ನು ನಾವೇ ನೋಡಿದ್ದೇವೆ. ನಮ್ಮ ಮುಳ್ಳುಬಿದಿರು ಹೂ ಬಿಡುವುದು ಸುಮಾರು ನಲವತ್ತೈವತ್ತು ವರ್ಷಕ್ಕೊಮ್ಮೆ. ಒಂದು ಪ್ರದೇಶದ ಬಿದಿರೆಲ್ಲ ಒಟ್ಟಿಗೆ ಹೂ ಬಿಟ್ಟು, ಬೀಜ ಸುರಿಸಿ, ಒಣಗಿ ಹೋಗುತ್ತದೆ. ಆ ಬೀಜವೇ ಬಿದಿರಕ್ಕಿ. ಹುಲ್ಲಿನ ಜಾತಿಯಾದ್ದರಿಂದ ಅದನ್ನು ಅಕ್ಕಿಯಂತೆಯೇ ಕುಟ್ಟಿ ಅನ್ನ ಮಾಡುತ್ತಾರೆ. ಬಿದಿರು ಹೂ ಬಿಟ್ಟರೆ ಬರಗಾಲ ಎಂಬ ಹಿರಿಯರ ಮಾತಿಗೂ ಕಾರಣ ಇದೆ. ಬೀಜ ತಿಂದು ಇಲಿಗಳು ವಿಪರೀತ ಹೆಚ್ಚುತ್ತವೆ, ಬೀಜ ಮುಗಿದ ಮೇಲೆ ಗದ್ದೆ ಕಣಜಕ್ಕೆ ನುಗ್ಗುತ್ತವೆ. ಮಿಜೋರಾಂನಲ್ಲಿ 1959ರ ಕ್ಷಾಮ ಬಂದದ್ದು ಹೀಗೆಯೇ. ಇದನ್ನು ಮೊಮ್ಮಗಳಿಗೆ ಫೋನಿನಲ್ಲಿ ಹೇಳಿದಾಗ ಅವಳು, “ಅಜ್ಜಿ, ನಮ್ಮ ಬೇಲಿಯ ಬಿದಿರು ಯಾವಾಗ ಹೂ ಬಿಡುತ್ತೆ?” ಎಂದು ಕೇಳಿದಳು. ನಾನು ಮದುವೆಯಾಗಿ ಬಂದ ಮೇಲೆ ಅದು ಹೂ ಬಿಟ್ಟಿಲ್ಲ.

ಕೆಸುವಿನದೂ ಇದೇ ಕಥೆ. ಎರಡು ವರ್ಷದ ಹಿಂದೆ ನಿಮ್ಮಲ್ಲಿ ಪತ್ರೊಡೆ ಬಂದಾಗ ‘ಹುಣಸೆಹಣ್ಣು ಬೇಕಿದ್ದರೆ’ ಎಂದು ಹಾಕಿದ್ದಿರಿ. ಕೆಸುವಿಗೆ ಹುಳಿ ‘ಬೇಕಿದ್ದರೆ’ ಅಲ್ಲ. ಕೆಸುವಿನ ಎಲೆ, ದಂಟು, ಗೆಡ್ಡೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಬಾಯಿ, ಗಂಟಲಲ್ಲಿ ತುರಿಕೆ ಎನ್ನುತ್ತೇವಲ್ಲ, ಅದು ಆ ಸೂಜಿಗಳು ಚುಚ್ಚುವುದರಿಂದ. ಸುವರ್ಣಗೆಡ್ಡೆಯ ತುರಿಕೆಗೂ ಅದೇ ಕಾರಣ. ನಮ್ಮ ಮನೆಯಲ್ಲಿ ಹದಿನೈದು ಎಲೆಯ ಪತ್ರೊಡೆಗೆ ಎರಡು ಪಾವು ಅಕ್ಕಿ, ದೊಡ್ಡ ನಿಂಬೆಗಾತ್ರದ ಹುಣಸೆ, ಅಷ್ಟೇ ಬೆಲ್ಲ. ಎಲೆಯ ಬೆನ್ನಿನ ದಪ್ಪ ನಾರನ್ನು ಚಾಕುವಿನಿಂದ ಹೆರೆದು ತೆಗೆದು, ಹಿಟ್ಟು ಸವರಿ, ಒಂದರ ಮೇಲೊಂದು ಇಟ್ಟು ಸುತ್ತಿ, ಹಬೆಯಲ್ಲಿ ಮುಕ್ಕಾಲು ಗಂಟೆಗೆ ಒಂದು ನಿಮಿಷವೂ ಕಡಿಮೆ ಇಲ್ಲ. ಮಳೆಗಾಲದಲ್ಲಿ ಮರದ ಕೊಂಬೆಗಳ ಮೇಲೆ ಹುಟ್ಟುವ ಮರಗೆಸು ಸಿಕ್ಕರೆ ಅದೇ ಉತ್ತಮ, ಎಲೆ ಚಿಕ್ಕದು, ಮೃದು. ಕೆಸುವಿನ ಎಲೆಗೆ ನೀರು ಅಂಟದೆ ಮುತ್ತಿನಂತೆ ಉರುಳುವುದನ್ನು ಮಕ್ಕಳಿಗೆ ತೋರಿಸಿ. ಎಲೆಯ ಮೇಲೆ ಮೇಣದ ಪದರವೂ ಅತಿ ಸಣ್ಣ ಉಬ್ಬುಗಳೂ ಇರುವುದರಿಂದ ಹಾಗಾಗುತ್ತದೆ. ಹಿಟ್ಟನ್ನು ಎಲೆಯ ಬೆನ್ನಿಗೆ ಸವರಬೇಕು ಎನ್ನುವುದೂ ಅದಕ್ಕೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಹಾಗೇ ಮರಗೆಣಸು. ಕಳಲೆಯ ವಿಷಕ್ಕೂ ಮರಗೆಣಸಿನ ವಿಷಕ್ಕೂ ನೆಂಟಸ್ತಿಕೆ ಇದೆ, ಸಿಪ್ಪೆ ತೆಗೆದು ಬೇಯಿಸಿ ನೀರು ಚೆಲ್ಲಿಯೇ ತಿನ್ನಬೇಕು. ಉಪವಾಸದ ದಿನ ಕಿಚಡಿ ಮಾಡುವ ಸಬ್ಬಕ್ಕಿ ಅಕ್ಕಿಯಲ್ಲ, ನಮ್ಮ ದೇಶದಲ್ಲಿ ಅದನ್ನು ಮಾಡುವುದು ಇದೇ ಮರಗೆಣಸಿನ ಗಂಜಿಯಿಂದ, ಹೆಚ್ಚಾಗಿ ತಮಿಳುನಾಡಿನ ಸೇಲಂ ಕಡೆ. ಮರಗೆಣಸು ಬಂದದ್ದು ದಕ್ಷಿಣ ಅಮೆರಿಕದಿಂದ.

ದೂರದಿಂದ ಬಂದದ್ದನ್ನು ನಮ್ಮ ಮಾತು ಹೇಗೆ ನೆನಪಿಟ್ಟುಕೊಂಡಿದೆ ನೋಡಿ. ನಮ್ಮ ಬೇಲಿಯ ಮೇಲೆ ಹಬ್ಬಿರುವ ಸೀಮೆಬದನೆ ಮೆಕ್ಸಿಕೋ ಕಡೆಯದು. ಸೀಮೆಹುಣಸೆಯೂ ಅಲ್ಲಿಯದೇ. ಹೆಸರಿನ ಮುಂದೆ ‘ಸೀಮೆ’ ಬಂದರೆ ಅದು ಹೊರಗಿನಿಂದ ಬಂದದ್ದು ಎಂದು ಕಣ್ಣು ಮುಚ್ಚಿ ಹೇಳಬಹುದು, ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ. ಕರಾವಳಿಯವರು ಆಲೂಗೆಡ್ಡೆಗೆ ಬಟಾಟೆ ಎನ್ನುವುದು ಪೋರ್ಚುಗೀಸರ ಮಾತು. ನನ್ನ ತವರು ಜಿಲ್ಲೆ ಹಾಸನದಲ್ಲಿ ಆಲೂಗೆಡ್ಡೆ ಬಿತ್ತನೆಯ ಕಾಲ ಬಂದರೆ ಪಂಜಾಬಿನ ಜಲಂಧರದಿಂದ ಬೀಜದ ಗೆಡ್ಡೆ ಲಾರಿಗಳಲ್ಲಿ ಬರುತ್ತದೆ. ಆ ಗೆಡ್ಡೆಯ ಮೂಲ ಆಂಡೀಸ್ ಪರ್ವತ. ಇನ್ನು ಮೆಣಸು. ಈ ಹೆಸರು ಮೊದಲಿಗೆ ನಮ್ಮ ತೋಟದ ಬಳ್ಳಿಯ ಕಾಳಿನದು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದದ್ದು ಅದಕ್ಕಾಗಿ. ಅವನ ಹಿಂದೆ ಬಂದ ಹಡಗುಗಳಲ್ಲಿ ಅಮೆರಿಕದ ಖಾರದ ಕಾಯಿ ಬಂತು. ಅದೂ ಖಾರವಾಗಿದ್ದರಿಂದ ಮೆಣಸಿನ ಕಾಯಿ ಆಯಿತು. ಈಗ ಅಂಗಡಿಯಲ್ಲಿ ಮೆಣಸು ಎಂದರೆ ಯಾವುದು ಎಂದು ಕೇಳುತ್ತಾರೆ, ಹೆಸರಿನ ಒಡೆಯನೇ ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂದು ಬಿಡಿಸಿ ಹೇಳಿಕೊಳ್ಳಬೇಕಾಗಿದೆ. ಶೃಂಗೇರಿ ಕಡೆಯ ಗೆಳತಿಯೊಬ್ಬಳ ಮನೆಯಲ್ಲಿ ಹಿರಿಯರ ತಿಥಿಯ ಅಡುಗೆಗೆ ಇವತ್ತಿಗೂ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊ ಹಾಕುವುದಿಲ್ಲ, ಖಾರಕ್ಕೆ ಕಾಳುಮೆಣಸೇ. ಐನೂರು ವರ್ಷದ ಹಿಂದಿನ ನಮ್ಮ ಊಟ ಹೇಗಿತ್ತು ಎಂದು ತಿಳಿಯಬೇಕಾದರೆ ಆ ಎಲೆಯ ಮುಂದೆ ಕುಳಿತರೆ ಸಾಕು. ಬಾಬಾಬುಡನ್ ತಂದ ಏಳು ಕಾಫಿ ಬೀಜದ ಕಥೆಯನ್ನು ನೀವು ಹಲವು ಸಲ ಹಾಕಿದ್ದೀರಿ, ನಮಗೆ ಅದು ಪ್ರೀತಿಯ ಕಥೆ. ಇವುಗಳಿಗೂ ಒಂದೊಂದು ವಾರ ಕೊಡಿ.

ಚೌಕದಲ್ಲಿ ತಪ್ಪು ಬಂದರೆ ಅದೂ ರೆಸಿಪಿಯ ತಪ್ಪಿನಷ್ಟೇ ದೊಡ್ಡದು. ಹಿಂದೊಮ್ಮೆ ಜೇನು ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆಂದೇ ಅರ್ಥ ಎಂದು ಬಂದಿತ್ತು. ನಮ್ಮ ತೋಟದ ಜೇನುಪೆಟ್ಟಿಗೆಯಿಂದ ನಮ್ಮ ಯಜಮಾನರು ಕೈಯಾರೆ ತೆಗೆದ ತುಪ್ಪ ಪ್ರತಿವರ್ಷ ಡಿಸೆಂಬರಿನ ಚಳಿಗೆ ಶೀಶೆಯಲ್ಲಿ ಹರಳುಗಟ್ಟುತ್ತದೆ. ಜೇನಿನಲ್ಲಿರುವ ಗ್ಲೂಕೋಸ್ ತಣ್ಣಗಾದಾಗ ಹರಳಾಗುವುದು ಸಹಜ. ಶೀಶೆಯನ್ನು ಬೆಚ್ಚನೆಯ ನೀರಿನಲ್ಲಿ ಇಟ್ಟರೆ ಮತ್ತೆ ಕರಗುತ್ತದೆ. ನಿಮ್ಮ ಆ ಸಾಲು ಓದಿ, ವರ್ಷವೂ ಕೊಳ್ಳುವ ಒಬ್ಬರು ಶೀಶೆಯನ್ನು ವಾಪಸು ತಂದು ಜಗಲಿಯ ಮೇಲೆ ಇಟ್ಟು ಹೋದರು. ಜೇನಿನ ಬಗ್ಗೆ ನಿಜವಾಗಿ ಹಾಕಬೇಕಾದ ಎಚ್ಚರಿಕೆ ಬೇರೆ ಇದೆ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ನಮಗೆ ಏನೂ ಮಾಡುವುದಿಲ್ಲ, ಎಳೆಯ ಹೊಟ್ಟೆಯಲ್ಲಿ ಮೊಳೆತು ಬಾಟುಲಿಸಂ ಎಂಬ ಕಾಯಿಲೆ ತರಬಲ್ಲವು. ನಮ್ಮ ಹಳ್ಳಿಗಳಲ್ಲಿ ಕೂಸಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ಇನ್ನೂ ಇದೆ. ಒಂದು ಚೌಕ ಅದಕ್ಕೆ ಮೀಸಲಿಡಿ.

ಅಳತೆಯ ಬಗ್ಗೆ ಒಂದೇ ಮಾತು. ‘ಒಂದು ಕಪ್’ ಎಂದು ಬರೆದರೆ ಯಾವ ಕಪ್ಪು? ನಮ್ಮಲ್ಲಿ ಕಪ್ಪೆಂದರೆ ಕಾಫಿ ಕುಡಿಯುವುದು, ಅದರಲ್ಲಿ ನೂರೈವತ್ತು ಮಿಲಿಲೀಟರೂ ಹಿಡಿಯುವುದಿಲ್ಲ. ಪೇಟೆಯಲ್ಲಿ ಸಿಗುವ ಅಳತೆಯ ಕಪ್ಪು 240. ಪಾವು ಎನ್ನಿ, ಇಲ್ಲವೇ ಗ್ರಾಂ ಎನ್ನಿ, ಒಂದನ್ನು ಹಿಡಿದು ಅದನ್ನೇ ಕೊನೆಯವರೆಗೆ ನಡೆಸಿ. ಬೇಯುವ ಹೊತ್ತನ್ನೂ ಊರು ನೋಡಿ ಹೇಳಿ. ನನ್ನ ನಾದಿನಿ ಮಂಗಳೂರಿನಲ್ಲಿದ್ದಾಳೆ. ಅವಳು ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯಲ್ಲಿ ಬೇಯಿಸುವ ತೊಗರಿಬೇಳೆ ನಮ್ಮಲ್ಲಿ ಗಂಟೆ ದಾಟಿದರೂ ಕಾಳುಕಾಳಾಗಿಯೇ ಇರುತ್ತದೆ. ಬೇಳೆಯ ದೋಷವಲ್ಲ. ಮಂಗಳೂರು ಸಮುದ್ರದ ಬದಿಯಲ್ಲಿದೆ, ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೆ ಹೋದಂತೆ ಸುಮಾರು 300 ಮೀಟರಿಗೆ ಒಂದು ಡಿಗ್ರಿ ಕಡಿಮೆ. ನಮ್ಮದು ಹೆಚ್ಚುಕಡಿಮೆ 1,000 ಮೀಟರ್ ಎತ್ತರ, ನೀರು 97 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ ಒಲೆ ಹೂಡಿದರೆ 94ರ ಒಳಗೇ. ಎಷ್ಟು ಉರಿ ಹಾಕಿದರೂ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಹೆಚ್ಚು ಹೊತ್ತು ಬೇಯಿಸುವುದೊಂದೇ ದಾರಿ, ಅಥವಾ ಕುಕ್ಕರು. ಬೇಳೆ ಬೇಯುವ ಮೊದಲು ಹುಣಸೆಹುಳಿ ಹಾಕಿದರೆ ಯಾವ ಊರಿನಲ್ಲೂ ಮೆತ್ತಗಾಗುವುದಿಲ್ಲ, ಹುಳಿ ಕಾಳಿನ ಗೋಡೆಯನ್ನು ಗಟ್ಟಿ ಹಿಡಿಯುತ್ತದೆ. ನಿಮ್ಮ ಹುಳಿ ಸಾರಿನ ರೆಸಿಪಿಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿ ಬೇಯಿಸಿ ಎಂದಿರುವುದನ್ನು ಎರಡು ಸಲ ನೋಡಿದ್ದೇನೆ.

ಸೊಸೆ ಈ ಅಡುಗೆ ಬಿಡುವುದಿಲ್ಲ ಎಂದಿದ್ದಾಳೆ. ಬರುವ ಶುಕ್ರವಾರ ಮೂವರೂ ಬರುತ್ತಿದ್ದಾರೆ. ನಿನ್ನೆ ಬೆಳಿಗ್ಗೆ ಮೂರು ಕಳಲೆ ಹೆಚ್ಚಿ ನೆನೆಹಾಕಿದ್ದೇನೆ, ಇವತ್ತು ಎರಡನೆಯ ನೀರಿನಲ್ಲಿದೆ. ಶುಕ್ರವಾರ ಅವಳ ಕೈಯಲ್ಲೇ ಕುದಿಸಿ ಬಸಿಸುತ್ತೇನೆ. ಉಳಿದದ್ದನ್ನು ಉಪ್ಪುನೀರಿನಲ್ಲಿ ಹಾಕಿ ಶೀಶೆಗೆ ತುಂಬಿ ಕೊಡುತ್ತೇನೆ, ಮಳೆಗಾಲ ಮುಗಿದ ಮೇಲೂ ಇಟ್ಟುಕೊಳ್ಳಬಹುದು.

ಕಳಲೆ ಇನ್ನು ಕೆಲವು ವಾರ ಬರುತ್ತದೆ. ನಿಮ್ಮ ಆ ಪುಟವನ್ನು ಕತ್ತರಿಸಿ ಅಡುಗೆಮನೆಯ ಡಬ್ಬದಲ್ಲಿ ಇಟ್ಟುಕೊಂಡವರು ಎಷ್ಟೋ ಜನ ಇರುತ್ತಾರೆ, ನನ್ನ ಡಬ್ಬದಲ್ಲೇ 1990ರ ಈಚಿನ ಕತ್ತರಿಕೆಗಳಿವೆ. ಅವರು ಮುಂದಿನ ವರ್ಷ ಅದನ್ನು ತೆಗೆದು ಓದಿದಾಗಲೂ ಕಾಣುವಂತೆ, ಅದೇ ಅಳತೆಯಲ್ಲಿ ಕತ್ತರಿಸಿ ಅದರ ಮೇಲೆ ಅಂಟಿಸಿಕೊಳ್ಳಲು ಬರುವಂತೆ ತಿದ್ದುಪಡಿಯನ್ನು ಹಾಕಿ.

ನಿಮ್ಮ ಹಳೆಯ ಓದುಗಾರ್ತಿ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ